ಹತ್ತು ಲಕ್ಷ ಸಾಲಪತ್ರಗಳ ದೇಶ

ಅಮೆರಿಕದ ಷೇರುಪೇಟೆಗಳಲ್ಲಿ ನೋಂದಾಯಿತವಾದ ಕಂಪನಿಗಳು ಕೆಲವೇ ಸಾವಿರ. ಆಪಲ್, ಮೈಕ್ರೋಸಾಫ್ಟ್, ಟೆಸ್ಲಾ ಎಲ್ಲ ಸೇರಿದರೂ ಅಷ್ಟೇ. ಅದೇ ದೇಶದ ರಾಜ್ಯಗಳು, ಊರುಗಳು, ಜಿಲ್ಲೆಯಂಥ ಕೌಂಟಿಗಳು, ಶಾಲಾ ಮಂಡಳಿಗಳು, ನೀರು ಸರಬರಾಜು ಮಂಡಳಿಗಳು ಜನರಿಂದ ಸಾಲ ಎತ್ತಿ ಬರೆದುಕೊಟ್ಟ ಪತ್ರಗಳಿಗೆ ಮುನಿಸಿಪಲ್ ಬಾಂಡ್ ಎನ್ನುತ್ತಾರೆ. ಅವು ಸುಮಾರು ಹತ್ತು ಲಕ್ಷ ಬಗೆಯಲ್ಲಿ ಚಲಾವಣೆಯಲ್ಲಿವೆ. ಒಂದೊಂದಕ್ಕೂ ಅದರದೇ ಬಡ್ಡಿ, ಅದರದೇ ಅವಧಿ, ಅದರದೇ ಗುರುತಿನ ಸಂಖ್ಯೆ. ಒಂದಕ್ಕೆ ಒಂದು ನಿಮಿಷದಂತೆ ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 250 ದಿನ ಕೂತು ಕಣ್ಣಾಡಿಸಿದರೂ ಮುಗಿಸಲು ಎಂಟು ವರ್ಷ ದಾಟುತ್ತದೆ.

ಈ ಸಾಲದ ಒಟ್ಟು ಮೊತ್ತ ಸುಮಾರು 4 ಲಕ್ಷ ಕೋಟಿ ಡಾಲರ್. ನೂರನಲವತ್ತು ಕೋಟಿ ಭಾರತೀಯರು ಒಂದು ವರ್ಷ ಪೂರ್ತಿ ದುಡಿದು ಉತ್ಪಾದಿಸುವುದರ ಬೆಲೆಗೆ ಹೆಚ್ಚುಕಡಿಮೆ ಸಮ. ಇದರಲ್ಲಿ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ ಸಾಲ ಒಂದು ಡಾಲರೂ ಸೇರಿಲ್ಲ. ಸಾಲ ಮಾಡಿದವರು ಸುಮಾರು 50 ಸಾವಿರ ಸಂಸ್ಥೆಗಳು. ಆ ದೇಶದಲ್ಲಿ ಸ್ಥಳೀಯ ಸರ್ಕಾರಗಳೇ 90 ಸಾವಿರಕ್ಕೂ ಹೆಚ್ಚಿವೆ. ಅವುಗಳಲ್ಲಿ 39 ಸಾವಿರದಷ್ಟು ವಿಶೇಷ ಮಂಡಳಿಗಳು, ಬಹುಪಾಲು ಒಂದೇ ಕೆಲಸಕ್ಕೆಂದು ಹುಟ್ಟಿದವು: ಒಂದು ಬೆಂಕಿ ನಂದಿಸಲು, ಇನ್ನೊಂದು ಗ್ರಂಥಾಲಯ ನಡೆಸಲು, ಮತ್ತೊಂದು ಸ್ಮಶಾನ ನೋಡಿಕೊಳ್ಳಲು. ಸೊಳ್ಳೆ ನಿಯಂತ್ರಣಕ್ಕೆಂದೇ ತೆರಿಗೆ ಹಾಕುವ ಅಧಿಕಾರವುಳ್ಳ ಮಂಡಳಿಗಳೂ ಇವೆ.

ನನ್ನನ್ನು ಬೆರಗುಗೊಳಿಸುವುದು ಈ ರಾಶಿಯ ಹಿಂದೆ ಕೂತು ಲೆಕ್ಕ ಹಾಕುವ ಜನ. ಒಂದು ಸಣ್ಣ ಊರು ಶಾಲೆ ಕಟ್ಟಲು ಬಾಂಡ್ ತರಬೇಕೆಂದರೆ ಅಲ್ಲಿಯ ಹಣಕಾಸು ಅಧಿಕಾರಿ ಮುಂದಿನ ಇಪ್ಪತ್ತು ಮೂವತ್ತು ವರ್ಷದ ಆದಾಯ ಅಂದಾಜಿಸಬೇಕು. ಎಷ್ಟು ಸಾಲ, ಯಾವಾಗ, ಯಾವ ಕಂತಿನಲ್ಲಿ ಎಂದು ಹೇಳಲು ಪರೀಕ್ಷೆ ಪಾಸು ಮಾಡಿದ ಸಲಹೆಗಾರ ಬೇಕು. ಸಾಲ ಕಾನೂನುಬದ್ಧವೇ, ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುತ್ತದೆಯೇ ಎಂದು ಬಾಂಡ್ ವಕೀಲ ಲಿಖಿತ ಅಭಿಪ್ರಾಯ ಕೊಡಬೇಕು. ಊರು ಸಾಲ ತೀರಿಸುವ ತಾಕತ್ತನ್ನು ರೇಟಿಂಗ್ ಸಂಸ್ಥೆಯ ವಿಶ್ಲೇಷಕ ಅಳೆಯಬೇಕು. ಪತ್ರಗಳನ್ನು ಕೊಂಡು ಮಾರಲು ಅಂಡರ್‌ರೈಟರ್, ಬಡ್ಡಿ ಹಂಚಲು ಟ್ರಸ್ಟಿ. ಇವರಿಗೆಂದೇ ‘ದ ಬಾಂಡ್ ಬೈಯರ್’ ಎಂಬ ಪತ್ರಿಕೆ 1891ರಿಂದ ನಡೆದುಬಂದಿದೆ. ಇವರ ಮಾತುಕತೆ ನಡೆಯುವುದು ಬೇಸಿಸ್ ಪಾಯಿಂಟ್‌ನಲ್ಲಿ, ಅಂದರೆ ಶೇಕಡಾ ಒಂದರ ನೂರನೇ ಒಂದು ಭಾಗದಲ್ಲಿ. ಇಡೀ ಸಾಲದ ಮೇಲೆ ಅಷ್ಟು ಮಾತ್ರ ಬಡ್ಡಿ ವ್ಯತ್ಯಾಸವಾದರೆ ವರ್ಷಕ್ಕೆ 40 ಕೋಟಿ ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ 3,400 ಕೋಟಿ ರೂಪಾಯಿ!

ಈ ವೃತ್ತಿಗಳು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ನ್ಯೂಯಾರ್ಕ್ ನಗರ 1812ರಲ್ಲಿ ಕಾಲುವೆಯೊಂದಕ್ಕೆ ಬಾಂಡ್ ತಂದಿತ್ತು. ಮುಂದೆ ರೈಲು ಬಂತು. ರೈಲು ತಮ್ಮೂರಿನ ಮೇಲೆ ಹಾಯಲಿ ಎಂದು ಸಣ್ಣಸಣ್ಣ ಊರುಗಳೂ ಸಾಲಪತ್ರ ಬರೆದುಕೊಟ್ಟವು. ಕೆಲವೆಡೆ ಹಳಿ ಬರಲೇ ಇಲ್ಲ, ಕೆಲವೆಡೆ ಕಂಪನಿ ಮುಳುಗಿತು. ‘ಸಾಲ ಮಾಡುವ ಅಧಿಕಾರವೇ ನಮಗೆ ಇರಲಿಲ್ಲ, ಆದ್ದರಿಂದ ತೀರಿಸುವುದಿಲ್ಲ’ ಎಂದು ಊರುಗಳು ಕೋರ್ಟಿನಲ್ಲಿ ವಾದಿಸಿದವು. ಅಂಥ ಮೊಕದ್ದಮೆಗಳನ್ನು ಆಲಿಸಿದ ಅಯೋವದ ನ್ಯಾಯಾಧೀಶ ಜಾನ್ ಡಿಲನ್ 1876ರಲ್ಲಿ ಮುನಿಸಿಪಲ್ ಬಾಂಡ್ ಕಾನೂನಿನ ಮೇಲೆ ಪುಸ್ತಕವನ್ನೇ ಬರೆದ. ವಕೀಲನ ಸಹಿಯಿಲ್ಲದ ಪತ್ರ ಮುಟ್ಟುವುದಿಲ್ಲ ಎಂದು ಹೂಡಿಕೆದಾರರು ಹಟ ಹಿಡಿದರು. ಬಾಂಡ್ ವಕೀಲ ಎಂಬ ಕಸುಬು ಬೇರೂರಿದ್ದು ಹಾಗೆ.

ಕ್ಯಾಲಿಫೋರ್ನಿಯಾದ ಗೋಲ್ಡನ್ ಗೇಟ್ ಸೇತುವೆಯ ಲೆಕ್ಕ ನನಗೆ ಎಲ್ಲಕ್ಕಿಂತ ಪ್ರಿಯ. 1930ರ ನವೆಂಬರ್, ಮಹಾ ಆರ್ಥಿಕ ಕುಸಿತದ ಹೊತ್ತು. ಆರು ಕೌಂಟಿಗಳ ಜನರನ್ನು ಕೇಳಲಾಯಿತು: ಸೇತುವೆಗೆ 3.5 ಕೋಟಿ ಡಾಲರ್ ಸಾಲ ಮಾಡೋಣವೇ, ಅದಕ್ಕೆ ನಿಮ್ಮ ಮನೆ, ಹೊಲ, ಅಂಗಡಿಗಳನ್ನೇ ಆಧಾರವಾಗಿ ಒಡ್ಡುವಿರಾ? ಸುಮಾರು 1,45,000 ಮಂದಿ ಹೌದೆಂದರು, ಬೇಡವೆಂದವರು ಸುಮಾರು 47,000. ಪೇಟೆಯಲ್ಲಿ ಬಾಂಡ್ ಕೊಳ್ಳುವವರಿಲ್ಲದಾಗ ಬ್ಯಾಂಕ್ ಆಫ್ ಅಮೆರಿಕದ ಸ್ಥಾಪಕ ಎ.ಪಿ. ಜಿಯಾನಿನಿ ಮುಂದೆ ಬಂದ. 1937ರ ಮೇ ತಿಂಗಳಲ್ಲಿ ಸೇತುವೆ ತೆರೆಯಿತು. ಕೊನೆಯ ಬಾಂಡ್ ತೀರಿದ್ದು 1971ರಲ್ಲಿ. ಅಸಲು 3.5 ಕೋಟಿ, ಬಡ್ಡಿ ಸುಮಾರು 3.9 ಕೋಟಿ ಡಾಲರ್. ಅಷ್ಟೂ ಬಂದದ್ದು ಟೋಲ್ ಹಣದಿಂದ. ಮತ ಹಾಕಿದವರಲ್ಲಿ ಎಷ್ಟೋ ಮಂದಿ ಕೊನೆಯ ಕಂತು ತೀರುವ ಹೊತ್ತಿಗೆ ಬದುಕಿರಲಿಕ್ಕಿಲ್ಲ. ಆದರೂ ನಾಲ್ಕು ದಶಕ ಆ ಲೆಕ್ಕಪುಸ್ತಕ ನಿಲ್ಲದೆ ನಡೆಯಿತು.

ಲೆಕ್ಕ ತಪ್ಪಿದಾಗಲೂ ಅಂಕಿಗಳು ಅಷ್ಟೇ ದೊಡ್ಡವು. 1975ರ ಅಕ್ಟೋಬರ್ 17ರಂದು ನ್ಯೂಯಾರ್ಕ್ ನಗರ 45.3 ಕೋಟಿ ಡಾಲರ್ ಸಾಲ ತೀರಿಸಬೇಕಿತ್ತು. ಕೈಯಲ್ಲಿದ್ದದ್ದು 3.4 ಕೋಟಿ. ಶಿಕ್ಷಕರ ಪಿಂಚಣಿ ನಿಧಿ ಕೊನೆಯ ಗಳಿಗೆಯಲ್ಲಿ 15 ಕೋಟಿ ಡಾಲರ್ ಮೌಲ್ಯದ ಬಾಂಡ್ ಕೊಳ್ಳಲು ಒಪ್ಪಿದ್ದರಿಂದ ಜಗತ್ತಿನ ಅತಿ ಸಿರಿವಂತ ನಗರಗಳಲ್ಲೊಂದು ದಿವಾಳಿಯಿಂದ ಪಾರಾಯಿತು. 1994ರಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಗೆ ಆ ಅದೃಷ್ಟ ಇರಲಿಲ್ಲ. ಅಲ್ಲಿಯ ಖಜಾಂಚಿ ರಾಬರ್ಟ್ ಸಿಟ್ರನ್, ಜನರೇ ಮತ ಹಾಕಿ ಆರಿಸಿದ್ದ ಮನುಷ್ಯ, ಸುಮಾರು 750 ಕೋಟಿ ಡಾಲರ್ ಸಾರ್ವಜನಿಕ ಹಣದ ಮೇಲೆ ಸಾಲ ತಂದು ಹೂಡಿಕೆಯನ್ನು 2,000 ಕೋಟಿಯವರೆಗೆ ಏರಿಸಿದ. ಬಡ್ಡಿ ದರ ಇಳಿದೇ ಇರುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಲೆಕ್ಕ ಅದು. ಬಡ್ಡಿ ಏರಿತು. 160 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಡಿಸೆಂಬರಿನಲ್ಲಿ ಕೌಂಟಿ ದಿವಾಳಿ ಅರ್ಜಿ ಹಾಕಿತು.

ಅಲಬಾಮಾದ ಜೆಫರ್ಸನ್ ಕೌಂಟಿಯ ಕಥೆ ಇದಕ್ಕಿಂತ ನೋವಿನದು. ನದಿಗೆ ಕೊಳಚೆ ಬಿಡುವುದನ್ನು ನಿಲ್ಲಿಸಲು ಒಳಚರಂಡಿ ದುರಸ್ತಿ ಮಾಡಬೇಕಿತ್ತು. ಆರಂಭ ಸರಿಯಾಗಿಯೇ ಇತ್ತು. ಆಮೇಲೆ ಗುತ್ತಿಗೆಯಲ್ಲಿ ಲಂಚ ಸೇರಿತು, ಯಾರಿಗೂ ಪೂರ್ತಿ ಅರ್ಥವಾಗದ ಬಡ್ಡಿ ವಿನಿಮಯ ಒಪ್ಪಂದಗಳು ಸೇರಿದವು. ಸುಮಾರು ಆರೂವರೆ ಲಕ್ಷ ಜನರ ಕೌಂಟಿಯ ಮೇಲೆ ಒಳಚರಂಡಿಯೊಂದಕ್ಕೇ 300 ಕೋಟಿ ಡಾಲರ್ ಮೀರಿದ ಸಾಲ ಕೂತಿತು: ಹಸುಗೂಸು ಸೇರಿ ತಲೆಗೆ ನಾಲ್ಕೂವರೆ ಸಾವಿರ ಡಾಲರಿಗೂ ಹೆಚ್ಚು. 2011ರಲ್ಲಿ ಕೌಂಟಿ ದಿವಾಳಿ ಎಂದಿತು. ಬಡವರ ಮನೆಗಳ ಚರಂಡಿ ಬಿಲ್ಲು ಏರಿದ್ದು ಮಾತ್ರ ಇಳಿಯಲಿಲ್ಲ.

ಇಷ್ಟಾದರೂ ಮೂಡೀಸ್ ಸಂಸ್ಥೆ 1970ರಿಂದ ಇಟ್ಟಿರುವ ಲೆಕ್ಕ ಗಮನಿಸಿ. ಅದು ರೇಟಿಂಗ್ ಕೊಟ್ಟ ಮುನಿಸಿಪಲ್ ಸಾಲಗಳಲ್ಲಿ ಹತ್ತು ವರ್ಷದೊಳಗೆ ಬಾಕಿ ಬಿದ್ದವು ಸಾವಿರಕ್ಕೆ ಎರಡೂ ಇಲ್ಲ. ಕಂಪನಿಗಳ ಸಾಲದಲ್ಲಿ ಅದು ಸಾವಿರಕ್ಕೆ ಅರವತ್ತನ್ನು ಮೀರುತ್ತದೆ. ಹತ್ತಾರು ಸಾವಿರ ಪುಟ್ಟ ಕಚೇರಿಗಳಲ್ಲಿ ಹೆಸರಿಲ್ಲದ ಖಜಾಂಚಿಗಳು, ಲೆಕ್ಕಿಗರು ಪ್ರತಿ ಆರು ತಿಂಗಳಿಗೆ ಬಡ್ಡಿ ಹೊಂದಿಸಿ ಕಳಿಸುತ್ತಲೇ ಇದ್ದಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ನು ನಮ್ಮ ದೇಶದ ಕಡೆ ನೋಡೋಣ. ಭಾರತದ ಮೊದಲ ಮುನಿಸಿಪಲ್ ಬಾಂಡ್ ಬಂದದ್ದು ನಮ್ಮ ಬೆಂಗಳೂರಿನಿಂದ. 1997ರಲ್ಲಿ ಅಂದಿನ ಮಹಾನಗರ ಪಾಲಿಕೆ ರಾಜ್ಯ ಸರ್ಕಾರದ ಖಾತರಿಯೊಂದಿಗೆ 125 ಕೋಟಿ ರೂಪಾಯಿ ಎತ್ತಿತು. ಮರುವರ್ಷ ಅಹಮದಾಬಾದ್ ಯಾವ ಖಾತರಿಯೂ ಇಲ್ಲದೆ ತನ್ನದೇ ಲೆಕ್ಕಪತ್ರದ ಬಲದಿಂದ 100 ಕೋಟಿ ತಂದಿತು. 2005ರಲ್ಲಿ ಬೆಂಗಳೂರಿನ ಸುತ್ತಲ ಎಂಟು ಊರುಗಳ ನೀರಿಗಾಗಿ ಕರ್ನಾಟಕ 100 ಕೋಟಿಯ ಜಂಟಿ ಬಾಂಡ್ ತಂದದ್ದೂ ಉಂಟು. ಷೇರುಪೇಟೆ ನಿಯಂತ್ರಕ ಸೆಬಿ 2015ರಲ್ಲಿ ನಿಯಮ ರೂಪಿಸಿದ ಮೇಲೆ 2017ರಲ್ಲಿ ಪುಣೆ 24 ಗಂಟೆ ನೀರಿನ ಯೋಜನೆಗೆ 200 ಕೋಟಿ ಎತ್ತಿತು. 2023ರಲ್ಲಿ ಇಂದೋರ್ ಸೌರ ವಿದ್ಯುತ್ ಘಟಕಕ್ಕಾಗಿ ಜನಸಾಮಾನ್ಯರಿಗೂ ಬಾಂಡ್ ಮಾರಿತು. 122 ಕೋಟಿಯ ಮೂಲ ಕೊಡುಗೆಗೆ ಸುಮಾರು ಆರು ಪಟ್ಟು ಬೇಡಿಕೆ ಬಂತು, ಕೊನೆಗೆ 244 ಕೋಟಿ ಎತ್ತಿತು.

ಈಗ ಅಗತ್ಯದ ಅಳತೆ ನೋಡಿ. ಭಾರತದ ನಗರಗಳ ಮೂಲಸೌಕರ್ಯಕ್ಕೆ 15 ವರ್ಷದಲ್ಲಿ 84,000 ಕೋಟಿ ಡಾಲರ್ ಬೇಕೆಂದು ವಿಶ್ವಬ್ಯಾಂಕ್ 2022ರಲ್ಲಿ ಅಂದಾಜಿಸಿತು. ಅದೇ 85 ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕೂವರೆ ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. 1997ರ ಬೆಂಗಳೂರು ಬಾಂಡಿನಂಥವನ್ನು ದಿನಕ್ಕೆ ಹತ್ತರಂತೆ, ಭಾನುವಾರವೂ ಬಿಡದೆ, 15 ವರ್ಷ ತಂದರೆ ಆ ಮೊತ್ತ ಹೆಚ್ಚುಕಡಿಮೆ ಹೊಂದುತ್ತದೆ. ಆಗ ನಗರಗಳ ಈ ವೆಚ್ಚದಲ್ಲಿ ಖಾಸಗಿ ಮೂಲಗಳ ಹಣದ ಪಾಲು ಶೇ 5 ಮಾತ್ರ ಎಂದೂ ಅದೇ ವರದಿ ಹೇಳಿತು.

ಸಾಲ ಕೊಡುವವರಿದ್ದಾರೆ ಎಂಬುದನ್ನು ಇಂದೋರ್ ತೋರಿಸಿದೆ. ಕೊರತೆ ಇರುವುದು ಎರಡು ಕಡೆ. ಒಂದು, ಊರಿನ ಸ್ವಂತ ಆದಾಯ. ನಮ್ಮಲ್ಲಿ ಆಸ್ತಿ ತೆರಿಗೆ ಜಿಡಿಪಿಯ ಶೇ 0.2ರ ಆಸುಪಾಸಿನಲ್ಲಿದೆ. ರಾಜ್ಯದ ಅನುದಾನಕ್ಕೆ ಕಾಯುವ ಪುರಸಭೆ ಇಪ್ಪತ್ತು ವರ್ಷದ ಕಂತಿಗೆ ಮಾತು ಕೊಡಲಾರದು. ಇನ್ನೊಂದು, ಲೆಕ್ಕ ಬಲ್ಲ ಜನ. ಕರ್ನಾಟಕ ಇದರಲ್ಲಿ ಹಿಂದೆ ಇರಲಿಲ್ಲ. ನಂದನ್ ನಿಲೇಕಣಿ ನೇತೃತ್ವದ ಕಾರ್ಯಪಡೆಯ ಕಾಲದಲ್ಲಿ ಬೆಂಗಳೂರು ಪಾಲಿಕೆಗೆ ಹೊಸ ಲೆಕ್ಕ ಪದ್ಧತಿ ಬಂತು, 2006ರ ನಿಯಮಗಳು ಅಂಥದನ್ನೇ ಪುರಸಭೆಗಳಿಗೂ ವಿಧಿಸಿದವು. ನಿಯಮ ಬಂತು, ಅದನ್ನು ನಡೆಸುವ ಕೈಗಳು ಅಷ್ಟು ಬರಲಿಲ್ಲ.

ರಾಜ್ಯದಲ್ಲಿ ಮುನ್ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿವೆ. ಪ್ರತಿ ವರ್ಷ ಸಾವಿರಾರು ಮಕ್ಕಳು ಬಿ.ಕಾಂ. ಮುಗಿಸುತ್ತಾರೆ, ನೂರಾರು ಮಂದಿ ಸಿ.ಎ. ಪಾಸಾಗುತ್ತಾರೆ. ಅವರಲ್ಲಿ ಊರಿಗೊಬ್ಬರಾದರೂ ಪುರಸಭೆಯ ಹಣಕಾಸನ್ನೇ ತಮ್ಮ ಜೀವನದ ಕಸುಬಾಗಿ ಆರಿಸಿಕೊಳ್ಳಲಿ. ನಮ್ಮ ವಾಣಿಜ್ಯ ಕಾಲೇಜುಗಳು ಈ ವಿಷಯಕ್ಕೆ ಒಂದು ಪತ್ರಿಕೆಯನ್ನಾದರೂ ಇಡಲಿ. ಓದುಗರೇ, ನಿಮ್ಮ ಊರಿನ ಈ ವರ್ಷದ ಬಜೆಟ್ ಪ್ರತಿ ಕೇಳಿ ಪಡೆಯಿರಿ. ಸ್ವಂತ ಆದಾಯ ಎಷ್ಟು, ಅನುದಾನ ಎಷ್ಟು, ತೀರಿಸಬೇಕಾದ ಸಾಲ ಎಷ್ಟು ಎಂಬ ಮೂರು ಅಂಕಿಗಳನ್ನು ಹುಡುಕಿ. ಸಿಗದಿದ್ದರೆ ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ.