ಟಂಕಸಾಲೆಯ ತಪ್ಪಿಗೆ ಬೆಲೆಯುಂಟು, ಬೀದಿಯ ಪೆಟ್ಟಿಗಿಲ್ಲ

ಚಿಲ್ಲರೆಯಲ್ಲಿ ವಿಚಿತ್ರವಾದ ನಾಣ್ಯವೊಂದು ಕಂಡರೆ ಬಹಳ ಮಂದಿ ಮೊದಲು ಹುಡುಕುವುದು ಅದರ ಬೆಲೆಯನ್ನು. ಪಳಗಿದ ಸಂಗ್ರಾಹಕರು ಮೊದಲು ಕೇಳುವುದೇ ಬೇರೆ: ಈ ದೋಷ ಆದದ್ದು ಟಂಕಸಾಲೆಯ ಒಳಗೋ, ಹೊರಗೋ? ಒಳಗೆ ಆಗಿದ್ದರೆ ಅದು ಸಂಗ್ರಹಯೋಗ್ಯ ‘ಎರರ್ ನಾಣ್ಯ’. ಹೊರಗೆ ಆಗಿದ್ದರೆ ಬರೀ ಹಾನಿ.

ಇದನ್ನು ತಿಳಿಯಲು ನಾಣ್ಯ ಹುಟ್ಟುವ ಬಗೆ ಗೊತ್ತಿರಬೇಕು. ಲೋಹದ ಹಾಳೆಯಿಂದ ದುಂಡು ಬಿಲ್ಲೆ ಕತ್ತರಿಸಿ, ಅಂಚು ಎಬ್ಬಿಸಿ, ಕಾಲರ್ ಎಂಬ ಬಳೆಯೊಳಗೆ ಕೂರಿಸಿ, ಎರಡು ಅಚ್ಚುಗಳ ನಡುವೆ ಒತ್ತುತ್ತಾರೆ. ಒಂದೊಂದು ಹಂತದಲ್ಲೂ ಒಂದೊಂದು ಬಗೆಯ ತಪ್ಪು ನುಸುಳುತ್ತದೆ. ಬಿಲ್ಲೆ ಸರಿದು ಕೂತರೆ ಚಿತ್ರ ಒಂದು ಪಕ್ಕಕ್ಕೆ ಜಾರುತ್ತದೆ. ಅಚ್ಚು ತಿರುಗಿಕೊಂಡರೆ ಒಂದು ಮುಖ ನೆಟ್ಟಗಿದ್ದಾಗ ಇನ್ನೊಂದು ವಾಲಿರುತ್ತದೆ. ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡರೆ ಮುಂದಿನ ಬಿಲ್ಲೆಯ ಒಂದು ಮುಖದಲ್ಲಿ ಅದೇ ಚಿತ್ರ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಮೂಡುತ್ತದೆ. ಇದಕ್ಕೆ ಬ್ರೋಕೇಜ್ ಎಂದು ಹೆಸರು. ಭಾರತದ ಸಂಗ್ರಾಹಕರು ‘ಲಾಖಿ’ ಎನ್ನುವುದೂ ಇದನ್ನೇ.

ನಕಲಿಗಳೂ ಇವೆ. ಎರಡು ನಾಣ್ಯಗಳನ್ನು ಜೋಡಿಸಿ ಕಬ್ಬಿಣದ ವೈಸ್‌ನಲ್ಲಿ ಬಿಗಿದರೂ ತಿರುವುಮುರುವು ಗುರುತು ಬೀಳುತ್ತದೆ. ಆದರೆ ಆಗ ನಾಣ್ಯದ ಮೂಲ ಚಿತ್ರ ಜಜ್ಜಿಹೋಗಿರುತ್ತದೆ. ಗೆರೆಗಳನ್ನು ಪರೀಕ್ಷಿಸಲು ಒಂದು ಸುಲಭ ಸೂತ್ರವಿದೆ: ಅಚ್ಚು ಸೀಳಿದ್ದರೆ ಸೀಳಿನೊಳಗೆ ಲೋಹ ನುಗ್ಗಿ ನಾಣ್ಯದ ಮೇಲೆ ಗೆರೆ ಉಬ್ಬಿರುತ್ತದೆ, ಗೀರಿದ ಗೆರೆ ತಗ್ಗಾಗಿರುತ್ತದೆ.

ತಕ್ಕಡಿಯೂ ಸತ್ಯ ಹೇಳುತ್ತದೆ. 2011ರ ಸರಣಿಯ ಒಂದು ರೂಪಾಯಿ 3.79 ಗ್ರಾಂ, ಎರಡು ರೂಪಾಯಿ 4.85 ಗ್ರಾಂ. ಎರಡು ರೂಪಾಯಿಯ ಚಿತ್ರವಿರುವ ನಾಣ್ಯ 3.79 ಗ್ರಾಂ ತೂಗಿದರೆ ಬಿಲ್ಲೆ ಅದಲುಬದಲಾಗಿರಬಹುದು. ಇಸವಿಯ ಕೆಳಗೆ ಟಂಕಸಾಲೆಯ ಗುರುತೇ ಇಲ್ಲದಿದ್ದರೆ ಅದನ್ನು ದೋಷವೆಂದುಕೊಳ್ಳಬೇಡಿ. ಹೈದರಾಬಾದಿಗೆ ನಕ್ಷತ್ರ, ನೊಯಿಡಾಕ್ಕೆ ಚುಕ್ಕೆ, ಮುಂಬೈಗೆ ವಜ್ರಾಕೃತಿ ಇದೆ. ಕೋಲ್ಕತ್ತ ಟಂಕಸಾಲೆ ಗುರುತು ಹಾಕುವುದಿಲ್ಲ.

ಬೆಲೆ ನಿಲ್ಲುವುದು ದೋಷ ಎಷ್ಟು ಅಪರೂಪ, ಎಷ್ಟು ಎದ್ದು ಕಾಣುತ್ತದೆ, ನಾಣ್ಯ ಎಷ್ಟು ಸವೆದಿದೆ, ಕೊಳ್ಳುವವರಿದ್ದಾರೆಯೇ ಎಂಬುದರ ಮೇಲೆ. ಚಿತ್ರ ಪಕ್ಕಕ್ಕೆ ಜಾರಿದರೂ ಇಸವಿ ಪೂರ್ತಿ ಉಳಿದಿದ್ದರೆ ಬೇಡಿಕೆ ಹೆಚ್ಚು. ಹುಣಸೆಹುಳಿ, ಟೂತ್‌ಪೇಸ್ಟ್ ಹಾಕಿ ತಿಕ್ಕಿದ ನಾಣ್ಯ ಹೊಳೆಯುತ್ತದೆ ನಿಜ, ಆದರೆ ಮೂಲ ಮೇಲ್ಮೈಯ ಜೊತೆಗೆ ಬೆಲೆಯನ್ನೂ ಕಳೆದುಕೊಳ್ಳುತ್ತದೆ.

2012ರ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಎಂಬ ಸುದ್ದಿ ಆಗಾಗ ಹರಿದಾಡುತ್ತದೆ. ಅದು ಚಲಾವಣೆಗೆಂದೇ ಬಂದ ಸ್ಮರಣಾರ್ಥ ನಾಣ್ಯ, ಎರರ್ ಅಲ್ಲ. ತನ್ನ ಹೆಸರು ಬಳಸಿ ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ವಿಚಿತ್ರ ನಾಣ್ಯ ಸಿಕ್ಕರೆ ತೊಳೆಯಬೇಡಿ, ಯಾರಿಗೂ ಮುಂಗಡ ಕೊಡಬೇಡಿ. ತೂಕ ನೋಡಿ, ಭೂತಗನ್ನಡಿಯಲ್ಲಿ ಪರೀಕ್ಷಿಸಿ, ನಾಣ್ಯ ಪ್ರದರ್ಶನಗಳಲ್ಲಿ ಸಿಗುವ ಅನುಭವಿ ಸಂಗ್ರಾಹಕರಿಗೆ ತೋರಿಸಿ.