ಮನೆಯ ಬಿ.ಪಿ. ಯಂತ್ರ ಒತ್ತಡವನ್ನು ಅರಿಯುವ ಬಗೆ

ರಕ್ತದೊತ್ತಡವನ್ನು ಅಳೆಯುವ ಪುಟ್ಟ ಯಂತ್ರವು ಈಗ ಅನೇಕರ ಮನೆಗಳಲ್ಲಿದೆ. ಅದರ ಅಂಕಿಯನ್ನು ಕಂಡು ಗಾಬರಿಗೊಳ್ಳುವವರೂ, ಒಂದು ದಿನ ಕಡಿಮೆ ಬಂದಿತೆಂದು ಮಾತ್ರೆಯನ್ನೇ ನಿಲ್ಲಿಸುವವರೂ ನಮ್ಮ ಬಳಿಗೆ ಬರುತ್ತಾರೆ. ಎರಡನೆಯದು ಅಪಾಯಕರ. ಯಂತ್ರವು ಯಾವುದನ್ನು ಅಳೆಯುತ್ತದೆ, ಯಾವುದನ್ನು ಲೆಕ್ಕಹಾಕಿ ಹೇಳುತ್ತದೆ ಎಂಬುದನ್ನು ಭಕ್ತರು ತಿಳಿದಿರುವುದು ಒಳಿತು.

1896ರಲ್ಲಿ ಇಟಲಿಯ ವೈದ್ಯ ರೀವಾ ರೊಚ್ಚಿ ಅವರು ತೋಳಿಗೆ ಗಾಳಿಪಟ್ಟಿಯನ್ನು ಕಟ್ಟಿ, ಪಾದರಸದ ಕಂಬದಿಂದ ಒತ್ತಡವನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಸ್ಟೆತಾಸ್ಕೋಪಿನಿಂದ ಧಮನಿಯ ಸದ್ದನ್ನು ಆಲಿಸುವ ವಿಧಾನವನ್ನು 1905ರಲ್ಲಿ ರಷ್ಯದ ಕೊರೊಟ್ಕೊವ್ ತಿಳಿಸಿದರು. ಒತ್ತಡವನ್ನು ಇಂದಿಗೂ ಮಿಲಿಮೀಟರ್ ಪಾದರಸದಲ್ಲಿ ಹೇಳುವುದು ಆ ಕಂಬದಿಂದ ಬಂದ ರೂಢಿ.

ಮನೆಯ ಯಂತ್ರದಲ್ಲಿ ಪಾದರಸವಿಲ್ಲ. ಅದರ ಕೆಲಸವನ್ನು ಒತ್ತಡ ಸಂವೇದಕ, ಅಂದರೆ ಪ್ರೆಶರ್ ಸೆನ್ಸರ್ ಮಾಡುತ್ತದೆ. ಸಾಮಾನ್ಯವಾಗಿ ಅದರೊಳಗಿರುವುದು ಸಿಲಿಕಾನಿನ ಅತಿ ತೆಳುವಾದ ಪೊರೆ. ಪಟ್ಟಿಯ ಗಾಳಿ ಕೊಳವೆಯ ಮೂಲಕ ಬಂದು ಒತ್ತಿದಾಗ ಆ ಪೊರೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದೊಡನೆ ವಿದ್ಯುತ್ತಿಗೆ ಅದು ಒಡ್ಡುವ ಪ್ರತಿರೋಧ ಬದಲಾಗುತ್ತದೆ. ಸಿಲಿಕಾನಿನ ಈ ಗುಣವನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಸ್ಮಿತ್ 1954ರಲ್ಲಿ ಪ್ರಕಟಿಸಿದರು. ಆ ಬದಲಾವಣೆಯನ್ನೇ ಯಂತ್ರವು ಅಂಕಿಯಾಗಿ ಮಾರ್ಪಡಿಸುತ್ತದೆ. ಕಾರಿನ ಟೈರಿನ ಗಾಳಿಯನ್ನು ಕಾಯುವ, ಆಸ್ಪತ್ರೆಯ ವೆಂಟಿಲೇಟರಿನಲ್ಲಿ ಉಸಿರಿನ ಒತ್ತಡವನ್ನು ನೋಡಿಕೊಳ್ಳುವ ಸಂವೇದಕಗಳೂ ಇದೇ ಕುಲದವು.

ಯಂತ್ರವು ಸದ್ದನ್ನು ಆಲಿಸುವುದಿಲ್ಲ. ಪಟ್ಟಿಯ ಒತ್ತಡ ಇಳಿಯುತ್ತಿರುವಾಗ ಧಮನಿಯ ಪ್ರತಿ ಮಿಡಿತವೂ ಪಟ್ಟಿಯೊಳಗಿನ ಗಾಳಿಯಲ್ಲಿ ಸಣ್ಣ ಅಲೆಯನ್ನೆಬ್ಬಿಸುತ್ತದೆ. ಅಲೆಗಳು ಹಿಗ್ಗುತ್ತ ಹೋಗಿ ಮತ್ತೆ ಕುಗ್ಗುತ್ತವೆ. ಅತಿ ದೊಡ್ಡ ಅಲೆ ಎದ್ದಾಗಿನ ಒತ್ತಡವೇ ಹೆಚ್ಚುಕಡಿಮೆ ಧಮನಿಯ ಸರಾಸರಿ ಒತ್ತಡ. ನಾವು ಓದುವ ಮೇಲಿನ, ಕೆಳಗಿನ ಅಂಕಿಗಳನ್ನು ತಯಾರಕರು ಅಳವಡಿಸಿದ ಸೂತ್ರವು ಈ ಅಲೆಗಳಿಂದ ಅಂದಾಜಿಸುತ್ತದೆ. ಆದ್ದರಿಂದ ಅಳೆಯುವಾಗ ಮಾತನಾಡಿದರೂ ಕೈ ಅಲುಗಿದರೂ ಲೆಕ್ಕ ಕೆಡುತ್ತದೆ. ಪಟ್ಟಿ ತೋಳಿಗೆ ಚಿಕ್ಕದಾದರೆ ಒತ್ತಡ ಹೆಚ್ಚಾಗಿ ಕಾಣುತ್ತದೆ. ತೋಳು ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ, ಅಷ್ಟು ಎತ್ತರದ ರಕ್ತದ ಭಾರದಿಂದಲೇ 7–8 ಮಿಲಿಮೀಟರ್ ಏರುತ್ತದೆ.

ಬೆನ್ನಿಗೆ ಒರಗು ಕೊಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿಟ್ಟು 5 ನಿಮಿಷ ಸುಮ್ಮನೆ ಕುಳಿತ ಮೇಲೆ ಅಳೆಯಬೇಕು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು, ಎರಡನ್ನೂ ಬರೆದಿಡಬೇಕು. ಮನೆಯಲ್ಲಿ ಹಲವು ದಿನಗಳ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರನ್ನು ಕಾಣತಕ್ಕದ್ದು.

ನಾಡಿ ಹಿಡಿದೇ ಬಿ.ಪಿ. ಎಷ್ಟೆಂದು ಹೇಳಿರೆಂದು ಕೇಳುವವರುಂಟು. ನಾಡಿಯಿಂದ ನಾವು ಅರಿಯುವುದು ಬೇರೆ; ಈ ಅಂಕಿಗೆ ಪಟ್ಟಿಯೇ ಬೇಕು. ಹೃದಯದ ಲಯ ತಪ್ಪಿರುವವರಲ್ಲಿ ಮಾತ್ರ ಅಲೆಗಳು ಕ್ರಮವಾಗಿ ಏಳದೆ ಯಂತ್ರವೂ ಎಡವಬಹುದು. ಅಂಥವರು ತಮ್ಮ ಯಂತ್ರವನ್ನು ವೈದ್ಯರ ಬಳಿಗೆ ಒಯ್ದು, ಸ್ಟೆತಾಸ್ಕೋಪಿನಿಂದ ಅಳೆದ ಅಂಕಿಯೊಡನೆ ಹೋಲಿಸಿ ನೋಡಿಕೊಳ್ಳಬೇಕು. ಅಲ್ಲಿಯವರೆಗೆ ಮಾತ್ರೆಯನ್ನು ನಿಲ್ಲಿಸಲಾಗದು.