ಮೆಟ್ರೊ ದಾರಿಯಲ್ಲಿ ಮೂರು ಸಮುದ್ರಗಳು

ನಾಗಸಂದ್ರದಲ್ಲಿ ಮೆಟ್ರೊ ಹತ್ತಿದ ಅಜ್ಜಿ ಮತ್ತು ಮೊಮ್ಮಗ ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗದ ರೈಲು ಹಿಡಿದರು. ಅವರು ಹೋಗಬೇಕಾದದ್ದು ಬೊಮ್ಮಸಂದ್ರಕ್ಕೆ, ಹುಡುಗನ ಅತ್ತೆಯ ಮನೆಗೆ. ಹುಡುಗ ಕಿಟಕಿಗೆ ಮುಖ ಒತ್ತಿಕೊಂಡು ಪ್ರತಿ ನಿಲ್ದಾಣದ ಹೆಸರನ್ನೂ ಜೋರಾಗಿ ಓದುತ್ತಿದ್ದ. ಹೊಂಗಸಂದ್ರ ಬಂತು. ಸ್ವಲ್ಪ ಹೊತ್ತಿಗೆ ಸಿಂಗಸಂದ್ರವೂ ಬಂತು.

“ಅಜ್ಜಿ, ನಾವು ಹತ್ತಿದ್ದೂ ಸಂದ್ರ, ಇಳಿಯೋದೂ ಸಂದ್ರ. ನಡುವೆ ಇನ್ನೆರಡು ಸಂದ್ರ. ಸಂದ್ರ ಅಂದ್ರೇನು?”

“ಸಮುದ್ರ ಕಣೋ.”

“ಬೆಂಗಳೂರಲ್ಲಿ ಸಮುದ್ರ ಎಲ್ಲಿದೆ ಅಜ್ಜಿ?”

“ಕೆರೆ ಕಣಪ್ಪ. ದೊಡ್ಡ ಕೆರೆ ಕಟ್ಟಿಸಿದ್ರೆ ಹಿಂದಿನೋರು ಅದನ್ನೇ ಸಮುದ್ರ ಅಂತಿದ್ರು.”

ಹುಡುಗ ಮತ್ತೆ ಕಿಟಕಿಯಾಚೆ ನೋಡಿದ. ಗಾಜಿನ ಕಟ್ಟಡ, ಮೇಲ್ಸೇತುವೆ, ಸಾಲುಗಟ್ಟಿದ ಲಾರಿಗಳು ಕಂಡವು. ಕೆರೆ ಮಾತ್ರ ಕಾಣಲಿಲ್ಲ.

ಅಜ್ಜಿ ಹೇಳಿದ್ದು ಸರಿ. ‘ಸಮುದ್ರ’ ಎಂಬ ಮಾತು ಜನರ ಬಾಯಲ್ಲಿ ಸವೆದು ‘ಸಂದ್ರ’ ಆಯಿತು ಎಂದು ಸ್ಥಳನಾಮಗಳನ್ನು ಅಭ್ಯಾಸ ಮಾಡುವವರು ಹೇಳುತ್ತಾರೆ. ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದಲ್ಲಿ ಆ ಮಾತು ಸವೆಯದೆ ಉಳಿದಿದೆ. ದೊಡ್ಡ ನೀರನ್ನು ಕಡಲಿಗೆ ಹೋಲಿಸಿ ಕರೆಯುವುದು ನಮ್ಮವರ ಹಳೆಯ ರೂಢಿ. ಕೃಷ್ಣರಾಜಸಾಗರದ ‘ಸಾಗರ’ವೂ ಅದೇ ಅಲ್ಲವೇ?

ಇನ್ನೊಂದು ಸ್ವಾರಸ್ಯ ನೋಡಿ. ಬೆಂಗಳೂರಿನ ಹೊರವಲಯದಲ್ಲಿ ಕೆಲಸಕ್ಕೆ ಹೆಸರಾದ ಮೂರು ಜಾಗಗಳಿವೆ: ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್. ಮೂರರ ಪಕ್ಕದಲ್ಲೂ ಒಂದೊಂದು ಸಂದ್ರವಿದೆ. ಪೀಣ್ಯದ ಹತ್ತಿರ ನಾಗಸಂದ್ರ, ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರ, ವೈಟ್‌ಫೀಲ್ಡ್‌ಗೆ ತಾಗಿಕೊಂಡು ಚನ್ನಸಂದ್ರ. ಈ ಮೂರೂ ಇಂದು ಮೆಟ್ರೊ ನಿಲ್ದಾಣಗಳ ಹೆಸರಿನಲ್ಲಿವೆ.

ಹೊಲಗಳ ಮೇಲೆ ಬಂದ ಊರು

ಮೂರರಲ್ಲಿ ಹಿರಿಯದು ವೈಟ್‌ಫೀಲ್ಡ್. 1882ರಲ್ಲಿ ಮೈಸೂರಿನ ಮಹಾರಾಜರಾಗಿದ್ದ ಹತ್ತನೇ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಸಮುದಾಯದ ಸಂಘಕ್ಕೆ ಸುಮಾರು 3,900 ಎಕರೆ ಭೂಮಿ ಕೊಟ್ಟರು. ಅಲ್ಲಿ ಬೇಸಾಯ ಮಾಡಿಕೊಂಡು ನೆಲೆಸಲಿ ಎಂಬುದು ಉದ್ದೇಶ. ಆ ಸಂಘವನ್ನು ಕಟ್ಟಿದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ಅಂದರೆ ವೈಟ್‌ಫೀಲ್ಡ್ ಹುಟ್ಟಿದ್ದು ಕಂಪ್ಯೂಟರಿಗಾಗಿ ಅಲ್ಲ, ಬೆಳೆ ಬೆಳೆಯುವುದಕ್ಕಾಗಿ. ನೂರಕ್ಕೂ ಹೆಚ್ಚು ವರ್ಷ ಅದು ಹೆಂಚಿನ ಮನೆ, ತೋಟಗಳ ಪುಟ್ಟ ಊರಾಗಿಯೇ ಇತ್ತು. 1990ರ ದಶಕದಲ್ಲಿ ಭಾರತ ಮತ್ತು ಸಿಂಗಪುರದ ಸಹಯೋಗದಲ್ಲಿ ಅಲ್ಲಿ ಐಟಿಪಿಎಲ್ ಎಂಬ ತಂತ್ರಜ್ಞಾನ ಪಾರ್ಕ್ ಎದ್ದಿತು. ಅಲ್ಲಿಂದ ಮುಂದೆ ಊರಿನ ಚಹರೆಯೇ ಬದಲಾಯಿತು.

ಪೀಣ್ಯದ್ದು ಬೇರೆ ಕಥೆ. 1970ರ ದಶಕದಿಂದ ಅಲ್ಲಿ ಸಣ್ಣ ಕೈಗಾರಿಕೆಗಳು ನೆಲೆಯೂರಿದವು. ಲೇತ್ ಯಂತ್ರ, ಬಿಡಿಭಾಗ, ಲೋಹಕ್ಕೆ ಲೇಪ ಹಾಕುವ ಶೆಡ್, ಸಿದ್ಧ ಉಡುಪು ಎಂದು ಸಾವಿರಾರು ಘಟಕಗಳಾದವು. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದೆಂದು ಅದಕ್ಕೆ ಹೆಸರು. ಮಕ್ಕಳಿಗೆ ಇಷ್ಟವಾಗುವ ಸಂಗತಿಯೂ ಒಂದಿದೆ: 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ವಿಜ್ಞಾನಿಗಳು ಕುಳಿತು ಕಣ್ಣಿಟ್ಟಿದ್ದ ಇಸ್ರೊ ನಿಯಂತ್ರಣ ಕೇಂದ್ರ ಇರುವುದು ಇದೇ ಪೀಣ್ಯದಲ್ಲಿ.

ಎಲೆಕ್ಟ್ರಾನಿಕ್ ಸಿಟಿ ಒಬ್ಬರ ಕನಸಿನಿಂದ ಹುಟ್ಟಿದ್ದು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಮೊದಲ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರಿಗೆ ಬೆಂಗಳೂರನ್ನು ಭಾರತದ ಸಿಲಿಕಾನ್ ವ್ಯಾಲಿ ಮಾಡುವ ಆಸೆ. 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಕೆಲಸ ಶುರುವಾಯಿತು. ಇಷ್ಟು ದೂರಕ್ಕೆ ಯಾರು ಬರುತ್ತಾರೆ ಎನ್ನುವಂಥ ಜಾಗವಾಗಿತ್ತು ಅದು. ಇಂದು ಬೆಳಿಗ್ಗೆ ಆ ಕಡೆಗೆ ಹೋಗುವ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. 2010ರಲ್ಲಿ ಸುಮಾರು 10 ಕಿಲೋಮೀಟರ್ ಉದ್ದದ ಮೇಲ್ಸೇತುವೆ ಬಂತು. ಆದರೆ ಮೆಟ್ರೊ ಬಂದದ್ದು 2025ರ ಆಗಸ್ಟ್‌ನಲ್ಲಿ.

ಇಲ್ಲೊಂದು ಸೂಕ್ಷ್ಮವಿದೆ. ಮೊದಲು ಕೆಲಸ ಬಂತು. ಕೆಲಸದ ಹಿಂದೆ ಜನ ಬಂದರು, ಜನರಿಗಾಗಿ ಮನೆ, ಅಪಾರ್ಟ್‌ಮೆಂಟು, ಶಾಲೆಗಳು ಬಂದವು. ರಸ್ತೆ, ಚರಂಡಿ, ಕೊಳಾಯಿ ನೀರು ಮಾತ್ರ ಎಲ್ಲಕ್ಕಿಂತ ಹಿಂದೆ ಉಳಿದವು. 1951ರಲ್ಲಿ 8 ಲಕ್ಷಕ್ಕೂ ಕಡಿಮೆ ಇದ್ದ ಬೆಂಗಳೂರಿನ ಜನಸಂಖ್ಯೆ 2011ರ ಜನಗಣತಿಯ ಹೊತ್ತಿಗೆ ಸುಮಾರು 84 ಲಕ್ಷವಾಗಿತ್ತು. 2007ರಲ್ಲಿ ಬಿಬಿಎಂಪಿ ರಚನೆಯಾದಾಗ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆಯ ಜೊತೆಗೆ 110 ಹಳ್ಳಿಗಳೂ ನಗರದೊಳಗೆ ಸೇರಿಕೊಂಡವು. ರಾತ್ರಿ ಹಳ್ಳಿಯಲ್ಲಿ ಮಲಗಿದವರು ಬೆಳಿಗ್ಗೆ ಮಹಾನಗರದಲ್ಲಿ ಎದ್ದ ಹಾಗೆ!

ನದಿಯಿಲ್ಲದ ಊರಿನ ಜಾಣ್ಮೆ

ಬೆಂಗಳೂರಿನ ಮಗ್ಗುಲಲ್ಲಿ ದೊಡ್ಡ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಊರು ಕೂತಿದೆ. ಬಿದ್ದ ಮಳೆ ಎರಡು ಕಡೆಗೆ ಹರಿದು ಹೋಗುತ್ತದೆ. ಪಶ್ಚಿಮಕ್ಕೆ ಹರಿದದ್ದು ವೃಷಭಾವತಿ, ಅರ್ಕಾವತಿಯ ಮೂಲಕ ಕಾವೇರಿಗೆ. ಪೂರ್ವಕ್ಕೆ ಹರಿದದ್ದು ದಕ್ಷಿಣ ಪಿನಾಕಿನಿಗೆ.

ಓಡುವ ನೀರನ್ನು ನಿಲ್ಲಿಸುವುದು ಹೇಗೆ? ಹಿರಿಯರು ಇಳಿಜಾರಿಗೆ ಅಡ್ಡವಾಗಿ ಏರಿ ಕಟ್ಟಿದರು. ಅದರ ಹಿಂದೆ ನೀರು ನಿಂತು ಕೆರೆಯಾಯಿತು. ಗದ್ದೆಗೆ ನೀರು ಬಿಡಲು ತೂಬು ಇಟ್ಟರು. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಹೋಗಲು ಕೋಡಿ ಮಾಡಿದರು. ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನ ಕೆರೆಗೆ ಹೋಗುತ್ತಿತ್ತು. ಈ ದೊಡ್ಡ ಕಾಲುವೆಗಳೇ ರಾಜಕಾಲುವೆಗಳು. ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಕೆರೆಯಲ್ಲಿ ನಿಂತ ನೀರು ನೆಲಕ್ಕೆ ಇಂಗಿ ಸುತ್ತಲಿನ ಬಾವಿಗಳನ್ನು ತುಂಬುತ್ತಿತ್ತು.

ಕೈ ಕೈ ಹಿಡಿದು ಸಾಲಾಗಿ ನಿಂತ ಮಕ್ಕಳ ಹಾಗೆ ಈ ಕೆರೆಗಳು. ನಡುವೆ ಒಬ್ಬರು ಕೈ ಬಿಟ್ಟರೂ ಸಾಲು ಮುರಿಯುತ್ತದೆ. ನಗರ ಬೆಳೆಯುವಾಗ ಹಲವು ಕಡೆ ಆದದ್ದು ಇದೇ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಹೊರವಲಯದಲ್ಲಿ ಕೆರೆಗಳು ಉಳಿದರೂ ನಡುವಿನ ಕಾಲುವೆಗಳು ಎಷ್ಟೋ ಕಡೆ ಕಿರಿದಾದವು, ಕೆಲವು ಕಟ್ಟಡಗಳ ಕೆಳಗೆ ಮುಚ್ಚಿಹೋದವು.

ನೀರು ದಾರಿ ಮರೆಯಲಿಲ್ಲ

2022ರ ಸೆಪ್ಟೆಂಬರ್ ನಿಮಗೆ ನೆನಪಿರಬಹುದು. ಭಾರೀ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ, ಮಹದೇವಪುರದ ಹಲವು ಬಡಾವಣೆಗಳು ನೀರಿನಲ್ಲಿ ನಿಂತವು. ಐಟಿ ಕಂಪನಿಗಳ ನೌಕರರು ಲ್ಯಾಪ್‌ಟಾಪ್ ಚೀಲ ಹೊತ್ತು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ದೋಣಿಯಲ್ಲಿ ಕರೆತಂದರು. ಕೆರೆಗಳು ಕೋಡಿ ಬಿದ್ದಿದ್ದವು. ಆ ನೀರು ಹರಿಯಬೇಕಾದ ದಾರಿಯಲ್ಲಿ ಊರು ಕೂತಿತ್ತು. ನೀರಿಗೆ ನಕ್ಷೆ ಗೊತ್ತಿಲ್ಲ, ಇಳಿಜಾರು ಮಾತ್ರ ಗೊತ್ತು.

ಎರಡೇ ವರ್ಷಕ್ಕೆ, 2024ರ ಬೇಸಿಗೆಯಲ್ಲಿ, ಇದರ ತದ್ವಿರುದ್ಧ ನಡೆಯಿತು. ಕೊಳವೆಬಾವಿಗಳು ಬತ್ತಿದವು. ಹೊರವಲಯದ ಮನೆಗಳ ಮುಂದೆ ಟ್ಯಾಂಕರಿಗಾಗಿ ಬಿಂದಿಗೆಗಳ ಸಾಲು. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ಮಳೆ ಬಂದಾಗ ಮುಳುಗುವ ಊರೇ ಬೇಸಿಗೆಯಲ್ಲಿ ಬಾಯಾರುತ್ತದೆ ಎಂದರೆ ಏನರ್ಥ? ಬಿದ್ದ ನೀರು ನಿಲ್ಲಲು ಜಾಗ ಉಳಿದಿಲ್ಲ ಎಂದೇ ಅರ್ಥ.

ನಿಂತ ನೀರೂ ಎಲ್ಲ ಕಡೆ ಚೆನ್ನಾಗಿಲ್ಲ. ನಗರದ ಕೊಳಚೆ ಸೇರಿ ವರ್ತೂರು ಕೆರೆಯ ಕೋಡಿಯಲ್ಲಿ ಬಿಳಿ ನೊರೆ ಎದ್ದು ರಸ್ತೆಗೆ ಹಾರುತ್ತಿತ್ತು. 2015 ಮತ್ತು 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೇ ಕಾಣಿಸಿತು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಎಂಬ ಲೋಹದ ವಿಷಕಾರಿ ರೂಪ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಲೋಹಕ್ಕೆ ಹೊಳಪಿನ ಲೇಪ ಹಾಕುವ ಕೆಲಸದಲ್ಲಿ ಬಳಸುವ ವಸ್ತು ಅದು. ಒಮ್ಮೆ ನೆಲದೊಳಗೆ ಇಳಿದ ವಿಷವನ್ನು ಹೊರತೆಗೆಯುವುದು ಸುಲಭವಲ್ಲ.

ಅಸಲಿ ಸಿಲಿಕಾನ್ ವ್ಯಾಲಿಯ ಪಾಠ

ಬೆಂಗಳೂರು ಯಾವ ಊರಿನಂತೆ ಆಗಬೇಕೆಂದು ಬಾಳಿಗರು ಬಯಸಿದರೋ ಆ ಊರಿಗೆ ಒಮ್ಮೆ ಹೋಗಿ ಬರೋಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಹೋಸೆ ಎಂಬ ನಗರವಿದೆ. ಸಿಲಿಕಾನ್ ವ್ಯಾಲಿಯ ದೊಡ್ಡ ಊರು ಅದು. ಕಂಪ್ಯೂಟರ್ ಕಂಪನಿಗಳು ಬರುವ ಮುನ್ನ ಅಲ್ಲಿ ಏಪ್ರಿಕಾಟ್, ಪ್ಲಮ್ ಹಣ್ಣಿನ ತೋಟಗಳಿದ್ದವು. ತೋಟಕ್ಕೆಂದು, ಆಮೇಲೆ ಬೆಳೆಯುತ್ತಿದ್ದ ನಗರಕ್ಕೆಂದು ನೆಲದಡಿಯ ನೀರನ್ನು ಎತ್ತುತ್ತಲೇ ಹೋದರು. ಅಲ್ಲಿಯದು ಮೆಕ್ಕಲು ಮತ್ತು ಜೇಡಿಯ ಮೆತ್ತನೆಯ ನೆಲ. ನೀರು ಖಾಲಿಯಾದಂತೆ ನೆಲವೇ ಕುಸಿಯತೊಡಗಿತು. ಕಳೆದ ಶತಮಾನದ ಮೊದಲ ಏಳು ದಶಕಗಳಲ್ಲಿ ಸ್ಯಾನ್ ಹೋಸೆಯ ನಡುಭಾಗ ಸುಮಾರು 13 ಅಡಿ ಕೆಳಗಿಳಿಯಿತು!

ಅವರು ಏನು ಮಾಡಿದರು ಗೊತ್ತೇ? ಹೊರಗಿನಿಂದ ನೀರು ತಂದರು. ಅಷ್ಟಕ್ಕೇ ನಿಲ್ಲದೆ ಮಳೆನೀರನ್ನು ಹಿಡಿದಿಟ್ಟು ಇಂಗಿಸಲು ಜಲಾಶಯ ಮತ್ತು ಹೊಂಡಗಳನ್ನು ಮಾಡಿದರು. ಆಗ ಕುಸಿತ ನಿಂತಿತು. ಯೋಚಿಸಿ ನೋಡಿ: ಅವರು ಕಷ್ಟಪಟ್ಟು ಹೊಸದಾಗಿ ಮಾಡಿಕೊಂಡ ಇಂಗುಹೊಂಡಗಳ ಕೆಲಸವನ್ನು ನಮ್ಮ ಕೆರೆಗಳು ಮೊದಲೇ ಮಾಡುತ್ತಿದ್ದವು. ನಮ್ಮದು ಗಟ್ಟಿ ಬಂಡೆಯ ನೆಲ, ಹಾಗೆ ಕುಸಿಯುವುದಿಲ್ಲ. ಆದರೆ ಬಂಡೆಯ ಬಿರುಕುಗಳಲ್ಲಿ ನಿಲ್ಲುವ ನೀರು ಸ್ವಲ್ಪವೇ. ಅದು ಬೇಗ ಖಾಲಿಯಾಗುತ್ತದೆ, ನಿಧಾನವಾಗಿ ತುಂಬುತ್ತದೆ.

ಏಳು ಕುತುಬ್ ಮಿನಾರ್ ಎತ್ತರಕ್ಕೆ

ನಮ್ಮ ಊರಿಗೂ ಹೊರಗಿನಿಂದ ನೀರು ಬರುತ್ತಿದೆ. 1974ರಲ್ಲಿ ಕಾವೇರಿ ಮೊದಲ ಬಾರಿಗೆ ಬೆಂಗಳೂರಿಗೆ ಬಂದಳು. 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ ಆ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ಒದಗಿಸುವ ಯೋಜನೆ ಇದು. ಹಳ್ಳಿ ನಗರವಾಗಿ ಆಗಲೇ 17 ವರ್ಷ ಕಳೆದಿತ್ತು. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳ ಮೂಲಕ ಏರಿ ಬರಬೇಕು. ಹೆಚ್ಚುಕಡಿಮೆ ಏಳು ಕುತುಬ್ ಮಿನಾರ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ! ಹಗಲೂ ರಾತ್ರಿ ವಿದ್ಯುತ್ ಸುಟ್ಟು ತಂದ ನೀರು ಅದು. ಮಂಡ್ಯ, ಮೈಸೂರಿನ ರೈತರೂ ತಮಿಳುನಾಡಿನ ರೈತರೂ ಅದೇ ನದಿಯನ್ನು ನಂಬಿದ್ದಾರೆ ಎಂಬುದನ್ನೂ ಮರೆಯಬಾರದು.

ಹಾಗಾದರೆ ನಮ್ಮ ಕೈಯಲ್ಲೇನಿದೆ? ಇದೆ. ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆ ಒಂದು ಕಾಲಕ್ಕೆ ಕಸ, ಕೊಳಚೆ ತುಂಬಿ ಸೊರಗಿತ್ತು. ಸುತ್ತಲಿನ ನಿವಾಸಿಗಳು ಪಾಲಿಕೆಯ ಜೊತೆ ಕೈಜೋಡಿಸಿದರು. ಹೂಳು ತೆಗೆದರು, ಕೊಳಚೆಯನ್ನು ಬೇರೆ ದಾರಿಗೆ ತಿರುಗಿಸಿದರು, ಗಿಡ ನೆಟ್ಟರು. ಇಂದು ಅಲ್ಲಿ ಹಕ್ಕಿಗಳನ್ನು ನೋಡಲೆಂದೇ ಜನ ಬರುತ್ತಾರೆ. ಕೆಟ್ಟದ್ದನ್ನು ಸರಿಮಾಡಬಹುದು ಎನ್ನುವುದಕ್ಕೆ ಆ ಕೆರೆಯೇ ಸಾಕ್ಷಿ.

ಮನೆಯ ಮೇಲೂ ಒಂದು ಪುಟ್ಟ ಕೆರೆಯಿದೆ, ಅದು ನಿಮ್ಮ ಚಾವಣಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆ ಎಂದಿಟ್ಟುಕೊಳ್ಳಿ. ನಿಮ್ಮ ಚಾವಣಿ 100 ಚದರ ಮೀಟರ್ ಇದ್ದರೆ ಎಷ್ಟು ಲೀಟರ್? ಲೆಕ್ಕ ಹಾಕಿ. 90 ಸಾವಿರ ಲೀಟರ್! ಅದರಲ್ಲಿ ಅರ್ಧ ಹಿಡಿದರೂ ಎಷ್ಟೋ ಟ್ಯಾಂಕರ್‌ಗಳ ದುಡ್ಡು ಉಳಿಯುತ್ತದೆ. ಮಳೆನೀರು ಹಿಡಿಯುವ ಬಗೆಯನ್ನು ಕಣ್ಣಾರೆ ನೋಡಬೇಕೆಂದರೆ ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಪಾರ್ಕ್ ಇದೆ.

ಈ ಭಾನುವಾರ ಹೀಗೆ ಮಾಡಿ

ಅಪ್ಪ ಅಮ್ಮ, ಅಜ್ಜ ಅಜ್ಜಿಯರನ್ನು ಕರೆದುಕೊಂಡು ಮನೆಯ ಸುತ್ತ ಒಂದು ಸುತ್ತು ಹಾಕಿ. ನಿಮ್ಮ ಬೀದಿಯ ಇಳಿಜಾರು ಯಾವ ಕಡೆಗಿದೆ? ಮಳೆನೀರು ಯಾವ ಮೋರಿಗೆ, ಯಾವ ಕಾಲುವೆಗೆ, ಕೊನೆಗೆ ಯಾವ ಕೆರೆಗೆ ಹೋಗುತ್ತದೆ? ಆ ಕೆರೆಯ ಕೋಡಿ ಎಲ್ಲಿದೆ? ಅದರ ಕೆಳಗಿನ ಕೆರೆಯ ಹೆಸರೇನು? ಊರಿನ ಹಳಬರು ಸಿಕ್ಕರೆ ಕೇಳಿ. ಕಂಡದ್ದನ್ನು ಒಂದು ಹಾಳೆಯಲ್ಲಿ ನಕ್ಷೆ ಬರೆದು ಬಾಣದ ಗುರುತು ಹಾಕಿ. ನಿಮ್ಮ ಊರಿನ ಹೆಸರಿನಲ್ಲಿ ಕೆರೆ, ಕಟ್ಟೆ, ಕೋಡಿ, ಸಂದ್ರ ಇದೆಯೇ ಎಂದೂ ನೋಡಿ. ಬೆಂಗಳೂರಿನಲ್ಲಷ್ಟೇ ಅಲ್ಲ, ಯಾವ ಊರಿನಲ್ಲಿದ್ದರೂ ಇದನ್ನು ಮಾಡಬಹುದು.

ಅಂದಹಾಗೆ, ಬೊಮ್ಮಸಂದ್ರದಲ್ಲಿ ಇಳಿಯುವಾಗ ಆ ಹುಡುಗ ಅಜ್ಜಿಯ ಸೆರಗು ಎಳೆದು ಕೇಳಿದ: “ಅಜ್ಜಿ, ಅತ್ತೆ ಮನೆ ಹತ್ರ ಸಮುದ್ರ ಈಗಲೂ ಇದ್ಯಾ?”

“ನಂಗೂ ಗೊತ್ತಿಲ್ಲ ಮಗಾ. ಬಾ, ಸಾಯಂಕಾಲ ಇಬ್ರೂ ಹೋಗಿ ಹುಡುಕೋಣ,” ಎಂದರು ಅಜ್ಜಿ.